ಹೊಸೂರು ಸೀಮೆಯಲ್ಲಿ ಗ್ರಂಥಾಲಯ ಸೇವೆ ಬೆಳೆದು ಬಂದ ಬಗೆ

ಪೀಠಿಕೆ

ಐದನೆಯ ತರಗತಿಯನ್ನು ಮುಗಿಸಿದ ಬಾಲಕಿಯೊಬ್ಬಳು ಬೇಸಿಗೆಯ ರಜಕ್ಕೆ ಹಿಂದಿನ ದಿನ ನನ್ನ ಬಳಿಗೆ ಬಂದು, "ಮೇಷ್ಟ್ರೇ, ಪಾಠದ ಪುಸ್ತಕವನ್ನೆಲ್ಲ ಓದಿಬಿಟ್ಟೆ. ಇನ್ನು ಓದುವುದಕ್ಕೆ ಏನಿದೆ?" ಎಂದು ಕೇಳಿದಳು. ಉಪಾಧ್ಯಾಯನಾದವನಿಗೆ ಇದಕ್ಕಿಂತ ಸಂತೋಷದ ಪ್ರಶ್ನೆ ಮತ್ತೊಂದಿರಲಾರದು. ಆದರೆ ಅಂದು ನನಗೆ ತಕ್ಕ ಉತ್ತರ ತೋಚಲಿಲ್ಲ. "ಪಾಠಗಳನ್ನೇ ಇನ್ನೊಂದಾವರ್ತಿ ಓದಮ್ಮ" ಎಂದುಬಿಟ್ಟೆ. ಅವಳು ಮರುಮಾತಾಡದೆ ಹೊರಟುಹೋದಳು. ಆ ಪ್ರಶ್ನೆ ಮಾತ್ರ ನನ್ನಲ್ಲಿಯೇ ಉಳಿಯಿತು. ಈ ಲೇಖನ ಹುಟ್ಟಿದ್ದು ಅದರಿಂದಲೇ.

ಅಕ್ಷರವನ್ನು ಕಲಿಸುವುದು ಶಾಲೆಯ ಕೆಲಸ. ಕಲಿತ ಅಕ್ಷರ ಮರೆತುಹೋಗದಂತೆ ಕಾಯುವುದು ಗ್ರಂಥಾಲಯದ ಕೆಲಸ. ಕನ್ನಡವೇ ಸುತ್ತಮುತ್ತಲೂ ಇರುವ ಊರಿನಲ್ಲಿ ಈ ಎರಡನೆಯ ಕೆಲಸವನ್ನು ಅಂಗಡಿಯ ಹಲಗೆ, ದಿನಪತ್ರಿಕೆ, ಗೋಡೆಯ ಬರಹ ಮೊದಲಾದವು ಸ್ವಲ್ಪಮಟ್ಟಿಗೆ ತಾವೇ ಮಾಡಿಬಿಡುತ್ತವೆ. ನಮ್ಮ ಹೊಸೂರು, ದೇಂಕಣಿಕೋಟೆ, ತಳಿ, ಕೆಲಮಂಗಲ, ಬಾಗಲೂರು, ಬೇರಿಕೆಗಳ ಸೀಮೆಯಲ್ಲಿ ಹಾಗಲ್ಲ. ಇಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಮನೆಯಲ್ಲಿ ಕನ್ನಡವಾಡುವ ಮಗುವಿನ ಕಣ್ಣಿಗೆ ಬೀದಿಯಲ್ಲಿ ಕನ್ನಡದ ಅಕ್ಷರ ಬೀಳುವುದು ಅಪರೂಪ. ಆದುದರಿಂದ ಗ್ರಂಥಾಲಯದ ಚರಿತ್ರೆ ಇತರರಿಗೆ ಕೇವಲ ಕುತೂಹಲದ ವಿಷಯವಾದರೂ, ಗಡಿನಾಡಿನ ಕನ್ನಡ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಅದು ಬಾಳಿಗೆ ಹೊಂದಿದ ವಿಷಯ. ಪುಸ್ತಕವು ನಮ್ಮ ಊರಿನವರೆಗೆ ಹೇಗೆ ನಡೆದು ಬಂದಿತು, ಎಲ್ಲಿ ನಿಂತಿತು, ಅದನ್ನು ಮತ್ತೆ ನಡೆಸುವವರು ಯಾರು ಎಂಬುದನ್ನು ವಿಚಾರಿಸೋಣ.

ಪೂರ್ವಕಾಲ

ಈ ಸೀಮೆ ಬಹು ಹಿಂದಿನಿಂದಲೂ ಎರಡು ನಾಡುಗಳ ನಡುವಣ ಹೊಸ್ತಿಲಾಗಿದ್ದಿತು. ಹೊಯ್ಸಳ ರಾಮನಾಥನು ಹೊಸೂರಿಗೆ ಸಮೀಪದ ಕುಂದಾಣಿಯಲ್ಲಿದ್ದು ರಾಜ್ಯವಾಳಿದನು. ಅನಂತರದ ಶತಮಾನಗಳಲ್ಲಿ ಈ ಭಾಗ ಮೈಸೂರು ಅರಸರ ಕೈಗೆ ಬಂದು, ಹೈದರ್, ಟೀಪು ಇವರ ಕಾಲದವರೆಗೂ ಮೈಸೂರಿಗೆ ಸೇರಿದ್ದಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೃಷ್ಣಗಿರಿಯ ಕಡೆಯ ಬಾರಾಮಹಲ್ ಪ್ರಾಂತವೂ, 1799ರಲ್ಲಿ ಟೀಪುವಿನ ಪತನಾನಂತರ ಹೊಸೂರಿನ ಕಡೆಯ ಮೇಲ್ನಾಡೂ ಇಂಗ್ಲಿಷರ ವಶವಾಗಿ ಸೇಲಂ ಜಿಲ್ಲೆಯ ಅಂಗಗಳಾದುವು.

ಆ ಕಾಲದಲ್ಲಿ ಹಳ್ಳಿಗೆ ಗ್ರಂಥಾಲಯವೆಂಬುದು ಇರಲಿಲ್ಲವಾದರೂ ಗ್ರಂಥವು ಇರಲಿಲ್ಲವೆಂದಲ್ಲ. ಕನ್ನಡಿಗರಿದ್ದ ಕಡೆಗಳಲ್ಲೆಲ್ಲ ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ ಇವುಗಳನ್ನು ಓಲೆಗರಿಯಿಂದಲೂ, ಮುದ್ರಣ ಬಂದ ಮೇಲೆ ಪುಸ್ತಕದಿಂದಲೂ ಒಬ್ಬನು ಓದುವುದು, ಇನ್ನೊಬ್ಬನು ಅರ್ಥ ಹೇಳುವುದು, ಊರಿಗೆ ಊರೇ ಕುಳಿತು ಕೇಳುವುದು ವಾಡಿಕೆಯಾಗಿದ್ದಿತು. ಒಂದು ಪುಸ್ತಕ, ಒಂದು ದೀಪ, ಓದಬಲ್ಲ ಒಬ್ಬ ಮನುಷ್ಯ, ಇಷ್ಟರಿಂದಲೇ ಒಂದು ಊರಿನ ಗ್ರಂಥಾಲಯ ನಡೆಯುತ್ತಿದ್ದಿತು. ಓದು ಬಾರದವನೂ ಅಲ್ಲಿ ವಾಚಕನೇ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದಕ್ಕೆ ಮತ್ತೆ ಬರಬೇಕಾಗಿದೆ.

ಇಂಗ್ಲಿಷರ ಆಳ್ವಿಕೆಯಲ್ಲಿ ಪುಸ್ತಕದ ಬೀಡು ಪಟ್ಟಣಕ್ಕೆ ಸೇರಿತು. ಮದರಾಸಿನ ಕನ್ನೆಮರ ಗ್ರಂಥಾಲಯ 1896ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇತ್ತ ಬೆಂಗಳೂರಿನಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ 1915ರಲ್ಲಿ ಸಾರ್ವಜನಿಕ ಪುಸ್ತಕಾಲಯ ಆರಂಭವಾಯಿತು. ಹೊಸೂರು ಇವೆರಡರ ನಡುವೆ ಇದ್ದರೂ ಎರಡರ ಬೆಳಕೂ ಇಲ್ಲಿಯ ಹಳ್ಳಿಗಳನ್ನು ಮುಟ್ಟಲಿಲ್ಲ. ಓದಬೇಕೆಂಬವನು ಪುಸ್ತಕವಿದ್ದಲ್ಲಿಗೆ ಹೋಗಬೇಕಾಗಿದ್ದಿತು. ಹೊಸೂರಿಗೆ ಹತ್ತಿರದ ತೊರಪ್ಪಳ್ಳಿಯಲ್ಲಿ 1878ರಲ್ಲಿ ಜನಿಸಿದ ರಾಜಾಜಿಯವರು ಹೊಸೂರಿನ ಶಾಲೆಯಲ್ಲಿ ಓದಿ, ಮುಂದಿನ ವ್ಯಾಸಂಗಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ತೆರಳಿದರು. ಹೋಗಬಲ್ಲವರು ಹೋದರು, ಹೋಗಲಾರದವರು ಓದಿದಷ್ಟಕ್ಕೇ ನಿಂತರು.

ಪುಸ್ತಕ ನಡೆಯತೊಡಗಿತು

ವಾಚಕನು ಪುಸ್ತಕದ ಬಳಿಗೆ ಬರಲಾರದಿದ್ದರೆ ಪುಸ್ತಕವೇ ವಾಚಕನ ಬಳಿಗೆ ಹೋಗಬೇಕು ಎಂಬ ವಿಚಾರ ನಮ್ಮ ದೇಶದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಲಗೊಂಡಿತು. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ತಜ್ಞರನ್ನು ಕರೆಸಿ, ತಮ್ಮ ಸಂಸ್ಥಾನದಲ್ಲಿ ಊರೂರಿಗೂ ಗ್ರಂಥಾಲಯಗಳನ್ನು ಸ್ಥಾಪಿಸಿದರು. ಪುಸ್ತಕಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಹಳ್ಳಿಯಿಂದ ಹಳ್ಳಿಗೆ ಕಳುಹಿಸುವ ಸಂಚಾರಿ ಪುಸ್ತಕಾಲಯಗಳನ್ನೂ ನಡೆಸಿದರು. ಅರಸನ ಬೆಂಬಲವಿಲ್ಲದೆಯೂ ಈ ಕಾರ್ಯವನ್ನು ಮಾಡಿದವರು ನಮ್ಮ ಕನ್ನಡದಲ್ಲಿಯೇ ಇದ್ದರು. ಕಾದಂಬರಿಕಾರ ಗಳಗನಾಥರು (1869-1942) ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ಅಲೆದು ಕನ್ನಡ ಓದುವವರನ್ನು ಸಂಪಾದಿಸಿದ ಕಥೆ ಇಂದಿಗೂ ಕನ್ನಡಿಗರ ಬಾಯಲ್ಲಿದೆ. ವೃತ್ತಿಯಿಂದ ಅವರೂ ಶಾಲಾ ಉಪಾಧ್ಯಾಯರಾಗಿದ್ದವರೇ.

ಮದರಾಸು ಪ್ರಾಂತದಲ್ಲಿ ಈ ಕಾರ್ಯಕ್ಕೆ ಶಾಸ್ತ್ರದ ಅಡಿಪಾಯ ಹಾಕಿದವರು ಶಿಯಾಳಿ ರಾಮಾಮೃತ ರಂಗನಾಥನ್. ಇವರೂ ಮೊದಲಿಗೆ ನಮ್ಮಂತೆಯೇ ಉಪಾಧ್ಯಾಯರು. ಗಣಿತದಲ್ಲಿ ಎಂ.ಎ. ಪದವಿ ಪಡೆದು, ಸೈದಾಪೇಟೆಯಲ್ಲಿ ಉಪಾಧ್ಯಾಯರ ತರಬೇತಿ ಮುಗಿಸಿ, 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಲು ಆರಂಭಿಸಿದರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘವನ್ನು ಕಟ್ಟುವುದರಲ್ಲಿ ಮುಂದಾಳಾಗಿ ನಿಂತರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಅವುಗಳ ಸಾರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಪುಸ್ತಕವಿರುವುದು ಬಳಸುವುದಕ್ಕೆ, ಬಚ್ಚಿಡುವುದಕ್ಕಲ್ಲ, ಓದುವ ಪ್ರತಿಯೊಬ್ಬನಿಗೂ ಅವನಿಗೆ ಬೇಕಾದ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ತಕ್ಕ ಓದುಗನನ್ನು ಹುಡುಕಿಕೊಡಬೇಕು, ಓದುಗನ ಹೊತ್ತು ವ್ಯರ್ಥವಾಗಬಾರದು, ಗ್ರಂಥಾಲಯವು ಸದಾ ಬೆಳೆಯುವ ಜೀವಿ. ಇವರು ತಮ್ಮ ಬಾಳಿನ ಸಂಜೆಯನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ಕಾಲವಶರಾದರು.

ಸೂತ್ರಗಳು ಪ್ರಕಟವಾದ 1931ರಲ್ಲಿಯೇ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಒಂದು ಎತ್ತಿನ ಗಾಡಿ ಹೊರಟಿತು. ಅದರ ಮೇಲೆ ಭತ್ತದ ಮೂಟೆಗಳಿರಲಿಲ್ಲ, ಪುಸ್ತಕಗಳಿದ್ದುವು. ಕನಕಸಭೈ ಪಿಳ್ಳೆ ಎಂಬವರು ಏರ್ಪಡಿಸಿದ ಆ ಗಾಡಿ ಸುತ್ತಲಿನ ಹಳ್ಳಿಗಳಿಗೆ ಸರದಿಯಂತೆ ಹೋಗಿ ಪುಸ್ತಕಗಳನ್ನು ಕೊಟ್ಟು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಿತು. ತಮಿಳುನಾಡಿನ ಗ್ರಂಥಾಲಯ ಚಳವಳಿಯ ಕಥೆಯನ್ನು ಹೇಳುವವರೆಲ್ಲರೂ ಈ ಗಾಡಿಯನ್ನು ನೆನೆಯುತ್ತಾರೆ. ಇದರಿಂದ ನಾವು ಕಲಿಯಬೇಕಾದುದು ಒಂದುಂಟು: ಗ್ರಂಥಾಲಯ ಸೇವೆಗೆ ಮೊದಲು ಬೇಕಾದುದು ಕಟ್ಟಡವಲ್ಲ, ಹೊತ್ತು ತರುವವನು.

1948ರ ಕಾಯಿದೆ

ದಾನಿಗಳ ಉತ್ಸಾಹದಿಂದ ನಡೆಯುವ ಕೆಲಸ ದಾನಿಯೊಡನೆಯೇ ಮುಗಿಯಬಹುದು. ಆದುದರಿಂದ ಗ್ರಂಥಾಲಯಕ್ಕೆ ಕಾಯಿದೆಯ ಬಲ ಬೇಕೆಂದು ರಂಗನಾಥನ್ ಹಟ ಹಿಡಿದರು. 1930ರಲ್ಲಿಯೇ ಅವರು ಮಾದರಿ ಮಸೂದೆಯೊಂದನ್ನು ಸಿದ್ಧಪಡಿಸಿದ್ದರು. 1933ರಲ್ಲಿ ಮದರಾಸಿನ ಶಾಸನಸಭೆಗೆ ಬಂದ ಮಸೂದೆ ಕಾಯಿದೆಯಾಗಲಿಲ್ಲ. ಸ್ವಾತಂತ್ರ್ಯಾನಂತರ, ಅವಿನಾಶಿಲಿಂಗಂ ಚೆಟ್ಟಿಯಾರ್ ಅವರು ವಿದ್ಯಾಮಂತ್ರಿಗಳಾಗಿದ್ದಾಗ, ಮದರಾಸು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1948ರಲ್ಲಿ ಅಂಗೀಕೃತವಾಗಿ 1950ರಲ್ಲಿ ಜಾರಿಗೆ ಬಂದಿತು. ಸ್ವತಂತ್ರ ಭಾರತದ ಮೊದಲನೆಯ ಗ್ರಂಥಾಲಯ ಕಾಯಿದೆ ಇದೇ.

ಈ ಕಾಯಿದೆಯ ಕ್ರಮವನ್ನು ವಿದ್ಯಾರ್ಥಿಗಳು ಒಂದು ಲೆಕ್ಕದ ಮೂಲಕ ಅರಿಯಬಹುದು. ಮನೆ ಮತ್ತು ಆಸ್ತಿಯ ತೆರಿಗೆಯ ಪ್ರತಿಯೊಂದು ರೂಪಾಯಿಗೂ 6 ಪೈ ಗ್ರಂಥಾಲಯ ಕರವೆಂದು ವಿಧಿಸಲಾಯಿತು. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಎಂದರೆ ರೂಪಾಯಿಗೆ 192 ಪೈ. ಆರು ಪೈ ಅದರ 32ರಲ್ಲಿ ಒಂದು ಪಾಲು. 1957ರಲ್ಲಿ ದಶಮಾಂಶ ನಾಣ್ಯ ಬಂದ ಮೇಲೆ ಇದು ರೂಪಾಯಿಗೆ 3 ಪೈಸೆಯಾಯಿತು. ಮುಂದೆ ಏರುತ್ತ 10 ಪೈಸೆಯನ್ನು ಮುಟ್ಟಿತು. ಜಿಲ್ಲೆಗೊಂದು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರ. ಆ ಕರವೆಲ್ಲ ಅದರ ನಿಧಿಗೆ. ಜಿಲ್ಲೆಗಳಲ್ಲಿ ವಸೂಲಾದ ಹಣಕ್ಕೆ ಕಡಮೆಯಾಗದಂತೆ ಸರ್ಕಾರವೂ ತನ್ನ ಪಾಲನ್ನು ಕೊಡಬೇಕು. ಆ ಹಣದಿಂದ ಜಿಲ್ಲೆಯ ಕೇಂದ್ರ ಗ್ರಂಥಾಲಯ, ಅದರ ಕೆಳಗೆ ಶಾಖೆಗಳು, ಶಾಖೆಗಳ ಕೆಳಗೆ ಹಳ್ಳಿಗಳ ಪುಸ್ತಕ ವಿತರಣಾ ಕೇಂದ್ರಗಳು, ಎಲ್ಲಕ್ಕೂ ತಲೆಯಂತೆ ಮದರಾಸಿನ ಕನ್ನೆಮರ ಗ್ರಂಥಾಲಯ. ನೀರು ಕೆರೆಯಿಂದ ತೂಬಿಗೆ, ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಹರಿಯುವಂತೆ ಪುಸ್ತಕವು ಹರಿಯಬೇಕೆಂಬುದು ಇದರ ಉದ್ದೇಶ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮನೆಯ ತೆರಿಗೆ ಕಟ್ಟುವವನ ಭಾಷೆ ಯಾವುದೆಂದು ಕಾಯಿದೆ ಕೇಳಲಿಲ್ಲ. ತಮಿಳರ ಮನೆಯಿಂದ ಬಂದ ಪೈಗೂ, ಕನ್ನಡಿಗರ ಮನೆಯಿಂದ ಬಂದ ಪೈಗೂ ಬೆಲೆ ಒಂದೇ. ಹೀಗಿರಲು, ಕಪಾಟಿನಲ್ಲಿ ತನ್ನ ಭಾಷೆಯ ಪುಸ್ತಕವಿರಬೇಕೆಂದು ಕನ್ನಡ ಓದುಗನು ಕೇಳುವುದು ಬೇಡಿಕೆಯೇ ಹೊರತು ಭಿಕ್ಷೆಯಲ್ಲ.

ಈ ಕಾಯಿದೆ ಜಾರಿಗೆ ಬಂದಾಗ ಅದರ ವ್ಯಾಪ್ತಿಯಲ್ಲಿ ಕನ್ನಡಿಗರು ಅಲ್ಪಸಂಖ್ಯೆಯಲ್ಲಿರಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆ, ಬಳ್ಳಾರಿ ಜಿಲ್ಲೆ, ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು, ಸೇಲಂ ಜಿಲ್ಲೆಯ ನಮ್ಮ ಹೊಸೂರು ತಾಲ್ಲೂಕು ಇವೆಲ್ಲವೂ ಮದರಾಸಿಗೆ ಸೇರಿದ್ದುವು. 1953ರಲ್ಲಿ ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಮೈಸೂರಿಗೆ ಹೋದುವು. ದಕ್ಷಿಣ ಕನ್ನಡದಿಂದ ಕಾಸರಗೋಡು ಮಾತ್ರ ಕೇರಳಕ್ಕೆ ಸೇರಿತು. ಹೊಸೂರು ಇದ್ದಲ್ಲಿಯೇ ಉಳಿಯಿತು. ನಿನ್ನೆಯವರೆಗೆ ಕನ್ನಡ ಪುಸ್ತಕಗಳಿಗಾಗಿ ಮದರಾಸನ್ನು ಕೇಳುವವರು ಲಕ್ಷಾಂತರ ಮಂದಿ. ಮರುದಿನದಿಂದ ಉಳಿದವರು ಗಡಿಯಂಚಿನ ಮತ್ತು ಗುಡ್ಡಗಾಡಿನ ಚದರಿದ ಊರುಗಳವರು. ಬಹುಶಃ ನಮ್ಮ ಕನ್ನಡ ಕಪಾಟು ಸಣ್ಣದಾಗುವುದಕ್ಕೆ ಆ ದಿನವೇ ಮೊದಲು.

ಅದೇ 1956ರಲ್ಲಿ ರಾಜ್ಯಾಂಗಕ್ಕೆ ಏಳನೆಯ ತಿದ್ದುಪಡಿಯಾಗಿ 350ಎ ಎಂಬ ಅನುಚ್ಛೇದ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯುವಂತೆ ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ವಿಧಿಸುತ್ತದೆ. ನಮ್ಮ ಕನ್ನಡ ಶಾಲೆಗಳಿಗೆ ಅದೇ ಆಸರೆ. ಆದರೆ ಆ ಅನುಚ್ಛೇದ ಪಾಠಶಾಲೆಯ ಬಾಗಿಲಿನವರೆಗೆ ಮಾತ್ರ ಬರುತ್ತದೆ. ಬಾಗಿಲು ದಾಟಿದ ಮಗು ಏನನ್ನು ಓದಬೇಕು? ಅದನ್ನು ಯಾವ ಅನುಚ್ಛೇದವೂ ಹೇಳಿಲ್ಲ. ಆ ಜಾಗ ಗ್ರಂಥಾಲಯದ್ದು.

ಸೇಲಮಿನಿಂದ ಕೃಷ್ಣಗಿರಿಗೆ

ಕಾಯಿದೆಯ ಪ್ರಕಾರ ಗ್ರಂಥಾಲಯದ ಆಡಳಿತ ಜಿಲ್ಲೆಯ ತಲೆಪಟ್ಟಣದಲ್ಲಿರುತ್ತದೆ. ಹೊಸೂರಿಗೆ ಆ ತಲೆಪಟ್ಟಣ ಮೊದಲು ಸೇಲಂ. ಸುಮಾರು 160 ಕಿಲೋಮೀಟರು ದೂರ. 1965ರ ಅಕ್ಟೋಬರ್ 2ರಂದು ಧರ್ಮಪುರಿ ಜಿಲ್ಲೆ ಬೇರೆಯಾದ ಮೇಲೆ ದೂರ ಸುಮಾರು ನೂರಕ್ಕೆ ಇಳಿಯಿತು. 2004ರ ಫೆಬ್ರವರಿ 9ರಂದು ಕೃಷ್ಣಗಿರಿ ಜಿಲ್ಲೆ ಉದಯಿಸಿದ ಮೇಲೆ ಅದು ಐವತ್ತರ ಆಸುಪಾಸಿಗೆ ಬಂದಿತು. ಹೀಗೆ ಗ್ರಂಥಾಲಯದ ಕಛೇರಿ ನಮ್ಮ ಕಡೆಗೆ ಎರಡು ಹೆಜ್ಜೆ ನಡೆದು ಬಂದಿದೆಯೆಂದು ಹೇಳಬಹುದು. ಮಧ್ಯೆ 1972ರಲ್ಲಿ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಿಗೆ ಪ್ರತ್ಯೇಕ ನಿರ್ದೇಶಕರ ಇಲಾಖೆಯೂ ಏರ್ಪಟ್ಟಿತು.

ಸೇವೆಯೂ ಹರಡಿತು. ಶಾಖೆಗಳಲ್ಲದೆ ಗ್ರಾಮ ಗ್ರಂಥಾಲಯಗಳು ಹುಟ್ಟಿದುವು. 2006ರಿಂದ ಮುಂದಿನ ಐದು ವರ್ಷಗಳಲ್ಲಿ ಅಣ್ಣಾ ಅವರ ಹೆಸರಿನ ಗ್ರಾಮಾಭಿವೃದ್ಧಿ ಯೋಜನೆಯ ಅಂಗವಾಗಿ ರಾಜ್ಯದ 12,600ಕ್ಕೂ ಹೆಚ್ಚಿನ ಗ್ರಾಮ ಪಂಚಾಯಿತಿಗಳಿಗೆ ಒಂದೊಂದು ಗ್ರಂಥಾಲಯ ಕಟ್ಟಿಕೊಡುವ ಕಾರ್ಯ ನಡೆಯಿತು. 2010ರಲ್ಲಿ ಚೆನ್ನೈಯಲ್ಲಿ ಅಣ್ಣಾ ಶತಮಾನೋತ್ಸವ ಗ್ರಂಥಾಲಯವೂ, 2023ರಲ್ಲಿ ಮಧುರೆಯಲ್ಲಿ ಕಲೈಞರ್ ಶತಮಾನೋತ್ಸವ ಗ್ರಂಥಾಲಯವೂ ತೆರೆದುವು. ಶಾಖೆಗೆ ಬರಲಾರದ ವೃದ್ಧರಿಗೂ ರೋಗಿಗಳಿಗೂ ಸ್ವಯಂಸೇವಕರು ಮನೆಗೆ ಪುಸ್ತಕ ಕೊಂಡೊಯ್ದು ಕೊಡುವ 'ಗ್ರಂಥಾಲಯ ಮಿತ್ರರು' ಎಂಬ ಏರ್ಪಾಡು ಇತ್ತೀಚಿನ ವರ್ಷಗಳಲ್ಲಿ ಬಂದಿದೆ. ಮನ್ನಾರ್‌ಗುಡಿಯ ಗಾಡಿ ಮತ್ತೆ ಹೊರಟಂತಾಯಿತು. 2023ರಲ್ಲಿ ಶಾಲಾಮಕ್ಕಳಿಗಾಗಿ ಆರಂಭವಾದ ವಾಚನ ಚಳವಳಿಯಲ್ಲಿ ಚಿಕ್ಕ ಚಿಕ್ಕ ಚಿತ್ರಪುಸ್ತಕಗಳನ್ನು ಒಳಹೊಗು, ನಡೆ, ಓಡು, ಹಾರು ಎಂಬ ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ. ಆ ಪುಸ್ತಕಗಳು ತಮಿಳಿನವು. ನೋಡಿದರೆ ಯಾವ ಉಪಾಧ್ಯಾಯನಿಗಾದರೂ ಮೆಚ್ಚುಗೆಯಾಗುವಂಥವು. ನಮ್ಮ ಮಕ್ಕಳು 2006ರ ತಮಿಳು ಕಲಿಕೆಯ ಕಾಯಿದೆಯಂತೆ ಒಂದನೆಯ ತರಗತಿಯಿಂದ ತಮಿಳನ್ನೂ ಕಲಿಯುತ್ತಿರುವುದರಿಂದ ಇವು ಅವರಿಗೂ ಉಪಯುಕ್ತವೇ. ನೆರೆಯವರ ಭಾಷೆಯನ್ನು ಕಲಿತರೆ ನಷ್ಟವಿಲ್ಲ. ಆದರೆ ಕನ್ನಡದಲ್ಲಿಯೂ ಇಂಥ ನಾಲ್ಕು ಮೆಟ್ಟಿಲುಗಳು ಬೇಕಲ್ಲವೆ ಎಂದು ಮನಸ್ಸು ಕೇಳದಿರುವುದಿಲ್ಲ.

ಊರು ಬದಲಾದಂತೆ ಓದುಗರೂ ಬದಲಾದರು. ಹೊಸೂರು ಮೊದಲು ಸಂತೆಯ ಪಟ್ಟಣ. 1970ರ ದಶಕದಿಂದ ಕೈಗಾರಿಕೆಗಳು ಬಂದು, 1992ರಲ್ಲಿ ಪುರಸಭೆಯಾಗಿ, 2019ರಲ್ಲಿ ಮಹಾನಗರಪಾಲಿಕೆಯಾಯಿತು. ಒಂದು ಕಾಲದಲ್ಲಿ ಗ್ರಂಥಾಲಯದ ಬೆಂಚಿನ ಮೇಲೆ ದಿನಪತ್ರಿಕೆ ಓದುವ ವೃದ್ಧರೂ ಕಥೆಪುಸ್ತಕ ಹುಡುಕುವ ಹುಡುಗರೂ ತುಂಬಿರುತ್ತಿದ್ದರು. ಈಗ ಉದ್ಯೋಗದ ಪರೀಕ್ಷೆಗಳಿಗೆ ಟಿಪ್ಪಣಿ ಬರೆಯುವ ಯುವಕ ಯುವತಿಯರು ಬೆಳಗಿನಿಂದಲೇ ಸ್ಥಳ ಹಿಡಿಯುತ್ತಾರೆ. ಇದು ತಪ್ಪಲ್ಲ, ಬಡವರ ಮಕ್ಕಳಿಗೆ ಗ್ರಂಥಾಲಯ ಅನ್ನದ ದಾರಿಯನ್ನೂ ತೋರಿಸಬೇಕು. ಆದರೆ ಪರೀಕ್ಷೆಗಲ್ಲದೆ ಸುಮ್ಮನೆ ಸಂತೋಷಕ್ಕಾಗಿ ಓದುವವನಿಗೂ, ಅದರಲ್ಲಿಯೂ ಚಿಕ್ಕ ಭಾಷೆಯ ಓದುಗನಿಗೂ ಮೂಲೆಯ ಸ್ಥಳ ಮಾತ್ರ ಉಳಿಯದಂತೆ ನೋಡಿಕೊಳ್ಳಬೇಕು.

ಕನ್ನಡದ ಕಪಾಟು

ನಾನು ಕಂಡ ಒಂದು ಶಾಖೆಯ ಹೆಸರು ಇಲ್ಲಿ ಬೇಡ. ಅಲ್ಲಿಯ ಗ್ರಂಥಪಾಲಕರು ಸಜ್ಜನರು. ಕನ್ನಡ ಪುಸ್ತಕಗಳೆಲ್ಲಿ ಎಂದು ಕೇಳಿದಾಗ ತಾವೇ ಎದ್ದು ಬಂದು ಕಡೆಯ ಕಪಾಟಿನ ಕೆಳಗಣ ಅಂಕಣವನ್ನು ತೋರಿಸಿದರು. ಧೂಳು ಕೊಡವಿ ನೋಡಿದೆ; ಒಳ್ಳೆಯ ಕಾದಂಬರಿಗಳಿದ್ದುವು. ಪುಸ್ತಕದ ಒಳಗೆ ಅಂಟಿಸಿದ ಚೀಟಿಯಲ್ಲಿ ಕೊನೆಯ ಮುದ್ರೆಯ ತೇದಿ ಹಲವು ವರ್ಷ ಹಿಂದಿನದು. "ಕೇಳುವವರಿಲ್ಲ ಸಾರ್, ಕೇಳಿದರೆ ತಾನೇ ಹೊಸದನ್ನು ಬರೆದು ತರಿಸುವುದು?" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಓದುಗನ ಕಡೆಯಿಂದ ನೋಡಿದರೂ ಸುಳ್ಳಿಲ್ಲ: ಹೊಸ ಪುಸ್ತಕವಿಲ್ಲದ ಕಡೆಗೆ ಅವನೇಕೆ ಹೋಗಬೇಕು? ಪುಸ್ತಕವಿಲ್ಲವೆಂದು ಓದುಗನಿಲ್ಲ, ಓದುಗನಿಲ್ಲವೆಂದು ಪುಸ್ತಕವಿಲ್ಲ. ಸೇದುವವರಿಲ್ಲದ ಬಾವಿ ಹೂಳು ತುಂಬುತ್ತದೆ. ಹೂಳು ತುಂಬಿದ ಬಾವಿಗೆ ಯಾರೂ ಕೊಡ ತರುವುದಿಲ್ಲ.

ಕನ್ನಡ ಪುಸ್ತಕಗಳು ಅಚ್ಚಾಗುವ ಬೆಂಗಳೂರು ಹೊಸೂರಿನಿಂದ ಸುಮಾರು 40 ಕಿಲೋಮೀಟರು. ಮಾಸ್ತಿ ವೆಂಕಟೇಶ ಅಯ್ಯಂಗಾರರ ಮಾಸ್ತಿ ಗ್ರಾಮವಿರುವ ಮಾಲೂರು ತಾಲ್ಲೂಕು ನಮ್ಮ ಎಲ್ಲೆಗೆ ಅಂಟಿಕೊಂಡೇ ಇದೆ. ಆದರೆ ಸಾರ್ವಜನಿಕ ಗ್ರಂಥಾಲಯಗಳ ಪುಸ್ತಕಗಳ ಆಯ್ಕೆಯ ಮುಖ್ಯ ಕೆಲಸ ನಡೆಯುವುದು ಚೆನ್ನೈಯಲ್ಲಿ, ಇಲ್ಲಿಂದ 300 ಕಿಲೋಮೀಟರಿಗೂ ಆಚೆ. ಬೇರಿಕೆಯ ಹುಡುಗನಿಗೆ ಯಾವ ಕನ್ನಡ ಪುಸ್ತಕ ಹಿತವೆಂಬುದು ಅಷ್ಟು ದೂರದವರಿಗೆ ತಾನಾಗಿ ತಿಳಿಯುವುದು ಸಾಧ್ಯವಿಲ್ಲ. ತಿಳಿಸಬೇಕಾದವರು ಇಲ್ಲಿರುವ ನಾವು.

ಇತರರ ಕಪಾಟಿನ ಧೂಳನ್ನು ಹೇಳಿದ ಮೇಲೆ ನನ್ನ ಕಪಾಟಿನದನ್ನೂ ಹೇಳಬೇಕು. ಬಾಲಕಿ ನನ್ನನ್ನು ಆ ಪ್ರಶ್ನೆ ಕೇಳಿದ ದಿನ ನನ್ನ ಬೆನ್ನ ಹಿಂದೆಯೇ ಶಾಲೆಯ ಬೀರು ಇದ್ದಿತು. ಅದರಲ್ಲಿ ನಲವತ್ತು ಕನ್ನಡ ಪುಸ್ತಕಗಳಿದ್ದುವು. ಬೀಗದ ಕೈ ನನ್ನ ಜೇಬಿನಲ್ಲಿಯೇ ಇದ್ದಿತು. ಏಕೆ ಕೊಡಲಿಲ್ಲ? ಪುಸ್ತಕ ಕಳೆದರೆ ದಾಸ್ತಾನು ಪುಸ್ತಕದಲ್ಲಿ ಲೆಕ್ಕ ತಪ್ಪುತ್ತದೆ, ತನಿಖೆಯ ದಿನ ನಾನು ಉತ್ತರ ಹೇಳಬೇಕಾಗುತ್ತದೆ ಎಂಬ ಭಯ. ಲೆಕ್ಕ ಸರಿಯಾಗಿಯೇ ಉಳಿಯಿತು. ಆ ಬಾಲಕಿ ಮುಂದಿನ ತರಗತಿಗೆ ಕನ್ನಡವಿಲ್ಲದ ಬೇರೊಂದು ಶಾಲೆಗೆ ಸೇರಿದಳು. ಎರಡು ವರ್ಷಗಳ ಮೇಲೆ ಹೊಸೂರಿನ ಬಸ್ ನಿಲ್ದಾಣದಲ್ಲಿ ತಾಯಿಯೊಡನೆ ನಿಂತಿದ್ದಳು. ಕರ್ನಾಟಕದ ಬಸ್ಸೊಂದು ಬಂದಿತು. ತಾಯಿ ಎಲ್ಲಿಗೆ ಹೋಗುವುದೆಂದು ಕೇಳಿದಳು. ಮಗು ಹಲಗೆಯ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುವಷ್ಟರಲ್ಲಿ ಬಸ್ಸು ಮುಂದಕ್ಕೆ ಹೋಯಿತು. ನನ್ನ ತರಗತಿಯಲ್ಲಿ ಎಲ್ಲರಿಗಿಂತ ಸರಾಗವಾಗಿ ಓದುತ್ತಿದ್ದವಳು ಅವಳೇ.

ಆ ವಾರವೇ ಬೀರು ತೆರೆದೆ. ಶುಕ್ರವಾರದ ಕಡೆಯ ಪಿರಿಯಡ್ಡು ಪುಸ್ತಕ ಕೊಡುವ ಹೊತ್ತಾಯಿತು. ಯಾರು ಯಾವ ಪುಸ್ತಕ ಒಯ್ದರೆಂಬುದನ್ನು ಮಕ್ಕಳೇ ಒಂದು ನೋಟುಪುಸ್ತಕದಲ್ಲಿ ಬರೆಯುತ್ತಾರೆ. ಮೊದಲ ವರ್ಷ ಎರಡು ಪುಸ್ತಕಗಳು ಕಳೆದುವು. ಒಂದು ಮಳೆಯಲ್ಲಿ ನೆನೆದು ಉಬ್ಬಿತು. ತನಿಖೆಗೆ ಬಂದ ಅಧಿಕಾರಿಗಳಿಗೆ ಆ ನೋಟುಪುಸ್ತಕವನ್ನು ತೋರಿಸಿದೆ. ಅವರು ಮೂರು ಪುಸ್ತಕಗಳ ಮಾತೆತ್ತದೆ ನೋಟುಪುಸ್ತಕಕ್ಕೆ ರುಜು ಹಾಕಿದರು. ಒಬ್ಬ ಹುಡುಗನ ಅಜ್ಜಿಗೆ ಓದು ಬಾರದು. ದಿನವೂ ರಾತ್ರಿ ಮೊಮ್ಮಗನಿಂದ ಓದಿಸಿ ಕೇಳಿ, ಶುಕ್ರವಾರ ಬಂದರೆ "ಈ ಸಲ ದೊಡ್ಡ ಪುಸ್ತಕ ತಾ" ಎನ್ನುತ್ತಾಳಂತೆ. ಒಂದು ಪುಸ್ತಕ, ಒಂದು ದೀಪ, ಓದಬಲ್ಲ ಒಬ್ಬ ಮನುಷ್ಯ ಎಂದು ಮೇಲೆ ಹೇಳಿದೆನಷ್ಟೆ. ಆ ಹಳೆಯ ಗ್ರಂಥಾಲಯ ಆ ಮನೆಯಲ್ಲಿ ಇನ್ನೂ ನಡೆಯುತ್ತಿದೆ.

ನೆರೆಯ ನಿದರ್ಶನಗಳು

ಈ ಕಾರ್ಯದಲ್ಲಿ ನಾವು ಒಂಟಿಯಲ್ಲ. ಹಿಂದಿನ ಮೈಸೂರು ಸಂಸ್ಥಾನದಲ್ಲಿ 1940ರ ದಶಕದಲ್ಲಿ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಗರಿಗೆ ಅಕ್ಷರ ಕಲಿಸಿ ಅಷ್ಟಕ್ಕೇ ನಿಲ್ಲಲಿಲ್ಲ; ಹೊಸದಾಗಿ ಓದು ಕಲಿತವರಿಗೆಂದೇ 'ಬೆಳಕು' ಪತ್ರಿಕೆಯನ್ನು ಹೊರಡಿಸಿ, ಹಳ್ಳಿಗಳಲ್ಲಿ ಪುಸ್ತಕಾಲಯಗಳನ್ನು ತೆರೆಯಿತು. ಕಲಿತ ಅಕ್ಷರಕ್ಕೆ ಕೂಡಲೇ ಮೇವು ಬೇಕೆಂಬುದನ್ನು ಅದು ಅರಿತಿದ್ದಿತು. 1965ರಲ್ಲಿ ಅಲ್ಲಿಯೂ ಗ್ರಂಥಾಲಯ ಕಾಯಿದೆಯಾಯಿತು. 2019ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಒಪ್ಪಿಸಿದರು. ಮರುವರ್ಷ ಸಾಂಕ್ರಾಮಿಕ ರೋಗದಿಂದ ಶಾಲೆಗಳು ಮುಚ್ಚಿದ್ದಾಗ 'ಓದುವ ಬೆಳಕು' ಎಂಬ ಕಾರ್ಯಕ್ರಮದಲ್ಲಿ ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಂಡು ಪುಸ್ತಕ ಕೊಟ್ಟರು. ಅವು ಇಂದು ಅರಿವು ಕೇಂದ್ರಗಳೆಂದು ಹೆಸರಾಗಿವೆ.

ಕಾಸರಗೋಡಿನ ನಿದರ್ಶನ ನಮಗೆ ಇನ್ನೂ ಹತ್ತಿರದ್ದು. ಅವರೂ ನಮ್ಮಂತೆಯೇ ಬೇರೆ ರಾಜ್ಯದಲ್ಲಿ ಉಳಿದ ಕನ್ನಡಿಗರು. ಕೇರಳದ ಗ್ರಂಥಾಲಯ ಸಂಘವನ್ನು 1945ರಲ್ಲಿ ಕಟ್ಟಿದ ಪಿ. ಎನ್. ಪಣಿಕ್ಕರ್ ಅವರೂ ಪ್ರಾಥಮಿಕ ಶಾಲೆಯ ಉಪಾಧ್ಯಾಯರೇ. ಅಲ್ಲಿಯ ಪದ್ಧತಿಯಲ್ಲಿ ಗ್ರಂಥಾಲಯವನ್ನು ಊರಿನವರೇ ಸಂಘವಾಗಿ ಸೇರಿ ಆರಂಭಿಸುತ್ತಾರೆ. ಪುಸ್ತಕಗಳಿಷ್ಟು, ಸದಸ್ಯರಿಷ್ಟು ಎಂದು ತೋರಿಸಿದರೆ ಗ್ರಂಥಾಲಯ ಮಂಡಳಿಯ ಮಾನ್ಯತೆಯೂ ಸಹಾಯಧನವೂ ದೊರೆಯುತ್ತವೆ. ಪುಸ್ತಕಗಳನ್ನು ಆರಿಸುವವರು ಊರಿನವರೇ ಆದುದರಿಂದ ಕನ್ನಡದ ಊರಿನಲ್ಲಿ ಕನ್ನಡದ ಕಪಾಟು ತಾನಾಗಿ ಬೆಳೆಯುತ್ತದೆ. ನಮ್ಮ ರಾಜ್ಯದಲ್ಲಿ ಗ್ರಂಥಾಲಯ ಮೇಲಿನಿಂದ ಕೆಳಕ್ಕೆ ಇಳಿದು ಬಂದಿತು. ಅಲ್ಲಿ ಕೆಳಗಿನಿಂದ ಮೇಲಕ್ಕೆ ಬೆಳೆಯಿತು. ಎರಡರಲ್ಲಿಯೂ ಗುಣವುಂಟು. ನಮಗೆ ಹಣವೂ ಕಟ್ಟಡವೂ ಸಿಕ್ಕಿವೆ. ಅವರಿಂದ ಕಲಿಯಬೇಕಾದುದು ಕೇಳುವ ಅಭ್ಯಾಸ.

ಉಪಸಂಹಾರ

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಪ್ರತಿಯೊಂದು ಕನ್ನಡ ಶಾಲೆಯ ಮೇಲಿನ ತರಗತಿಯ ಮಕ್ಕಳನ್ನು ವರ್ಷದಲ್ಲಿ ಒಮ್ಮೆಯಾದರೂ ಹತ್ತಿರದ ಶಾಖೆಗೆ ಕರೆದೊಯ್ದು ಸದಸ್ಯರನ್ನಾಗಿ ಮಾಡೋಣ, ಠೇವಣಿ ಅಲ್ಪವೇ. ಕಡೆಯ ಕಪಾಟಿನಲ್ಲಿರುವ ಹಳೆಯ ಕನ್ನಡ ಪುಸ್ತಕಗಳನ್ನೇ ಮೊದಲು ಒಯ್ದು ಓದಿ ಹಿಂದಿರುಗಿಸೋಣ. ಚೀಟಿಯ ಮೇಲೆ ಬೀಳುವ ಪ್ರತಿಯೊಂದು ಮುದ್ರೆಯೂ ಕನ್ನಡಕ್ಕೆ ಓದುಗರಿದ್ದಾರೆಂಬುದಕ್ಕೆ ಸಾಕ್ಷಿ. ಆಮೇಲೆ ಬೇಕಾದ ಪುಸ್ತಕಗಳ ಹೆಸರು, ಬರೆದವರು, ಪ್ರಕಾಶಕರು ಇಷ್ಟನ್ನು ಸ್ಪಷ್ಟವಾಗಿ ಬರೆದು ಶಾಖೆಯ ಮೂಲಕ ಕೃಷ್ಣಗಿರಿಗೆ ಕಳುಹಿಸೋಣ. 'ಕನ್ನಡ ಪುಸ್ತಕ ಕೊಡಿ' ಎಂಬ ಅರ್ಜಿಗೆ ಉತ್ತರ ಕೊಡುವುದು ಕಷ್ಟ. 'ಈ ಹತ್ತು ಪುಸ್ತಕಗಳನ್ನು ಕೊಡಿ, ಇವನ್ನು ಓದುವ ಐವತ್ತು ಮಕ್ಕಳು ಇಲ್ಲಿದ್ದಾರೆ' ಎಂಬ ಅರ್ಜಿಯನ್ನು ಬದಿಗಿಡುವುದು ಕಷ್ಟ. ಬೆಂಗಳೂರಿಗೆ ಹೋಗಿಬರುವವರು ಬರುವಾಗ ಒಂದು ಮಕ್ಕಳ ಪುಸ್ತಕವನ್ನು ಶಾಲೆಗೆಂದು ತಂದರೆ ಅದೂ ಸೇವೆಯೇ.

ವಿದ್ಯಾರ್ಥಿಗಳಲ್ಲಿಯೂ ಒಂದು ಮಾತು. ಪುಸ್ತಕ ತೆಗೆದುಕೊಂಡು ಹೋದವರು ಒಬ್ಬರೇ ಓದಿ ಮುಗಿಸಬೇಡಿ. ಮನೆಯಲ್ಲಿ ಓದು ಬಾರದವರಿದ್ದರೆ ಅವರಿಗೆ ಓದಿ ಹೇಳಿ. ನಿಮ್ಮ ಧ್ವನಿಯಿಂದ ಒಂದು ಮನೆಗೆ ಗ್ರಂಥಾಲಯ ಬಂದಂತಾಗುತ್ತದೆ.

ಎತ್ತಿನ ಗಾಡಿಯಿಂದ ಜಿಲ್ಲಾ ಗ್ರಂಥಾಲಯದವರೆಗಿನ ಈ ದಾರಿಯಲ್ಲಿ ಕಾಯಿದೆ ಪುಸ್ತಕವನ್ನು ಊರಿನವರೆಗೆ ತಂದಿಳಿಸಿದೆ. ಊರಿನಿಂದ ಮಗುವಿನ ಕೈಯವರೆಗಿನ ದೂರ ಸ್ವಲ್ಪವೇ. ಆದರೆ ಅದನ್ನು ಯಾವ ಕಾಯಿದೆಯೂ ನಡೆಯಲಾರದು. ಅದನ್ನು ನಡೆಯಬೇಕಾದವರು ನಾವು. ಓದುವುದಕ್ಕೆ ಇನ್ನೇನಿದೆ ಎಂದು ಮತ್ತೊಂದು ಮಗು ಬಂದು ಕೇಳುವ ದಿನ ಬೀಗದ ಕೈ ಜೇಬಿನಲ್ಲಿರದೆ ಬೀರುವಿನಲ್ಲಿಯೇ ಇರಲಿ.